ಬಾಟಲಿ ಮೇಲೆ 7.0, ಟ್ಯೂಬಿನೊಳಗೆ 8.6: ಹುರಳಿ ಯೂರಿಯೇಸ್‌ನ ಒಂದು ಪ್ರಕರಣ

ಏಪ್ರಿಲ್ ತಿಂಗಳು. ವಿಜಯಪುರದ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ ಹತ್ತಕ್ಕೇ ಕಿಟಕಿಯ ಸರಳು ಮುಟ್ಟಲು ಆಗುವುದಿಲ್ಲ. ನಾನು ಪಾಠ ಮಾಡುವ ಕಾಲೇಜಿನ ಜೀವರಸಾಯನ ಪ್ರಯೋಗಾಲಯದಲ್ಲಿ ಎಂಎಸ್ಸಿ ಕೊನೆಯ ವರ್ಷದ ಹುಡುಗಿಯೊಬ್ಬಳು ಗ್ರಾಫ್ ಹಾಳೆ ಹಿಡಿದು ಮೇಜಿನ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು.

"ಸರ್, ನನ್ನ ಎಂಜೈಮ್ ಸತ್ತೈತ್ರಿ."

"ಕುಂಡ್ರವ್ವ. ಗ್ರಾಫ್ ಕೊಡು, ನೋಡೋಣ."

ಅವಳು ಇಂಡಿ ಕಡೆಯ ಹಳ್ಳಿಯವಳು. ಪ್ರಾಜೆಕ್ಟಿಗೆ ಹುರಳಿ ಕಾಳಿನ ಯೂರಿಯೇಸ್ ಆರಿಸಿಕೊಂಡಿದ್ದಳು. ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವ ಕಿಣ್ವ ಅದು. ಹುರಳಿಯನ್ನು ಮನೆಯಿಂದಲೇ ತಂದಿದ್ದಳು. ಮಿಕ್ಸರಿನಲ್ಲಿ ನುಣ್ಣಗೆ ಹಿಟ್ಟು ಮಾಡಿ, ತಣ್ಣನೆಯ ಬಫರಿನಲ್ಲಿ (ಆಮ್ಲ ಕ್ಷಾರದ ಅಳತೆಯಾದ ಪಿಎಚ್ ಅನ್ನು ಜಾರದಂತೆ ಹಿಡಿದು ನಿಲ್ಲಿಸುವ ದ್ರಾವಣ) ಕಲಸಿ, ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದಿಟ್ಟುಕೊಂಡಿದ್ದಳು. ಕೆಲಸ ಅಚ್ಚುಕಟ್ಟಾಗಿತ್ತು. ಅದರಲ್ಲಿ ಬೆರಳಿಟ್ಟು ತೋರಿಸುವ ತಪ್ಪು ನನಗೆ ಒಂದೂ ಕಾಣಲಿಲ್ಲ.

ಪ್ರಯೋಗ ಸರಳ. 20 ಮಿಲಿಮೋಲಾರ್ (ದ್ರಾವಣ ಎಷ್ಟು ಗಟ್ಟಿ ಎಂದು ಹೇಳುವ ಅಳತೆ) ಯೂರಿಯಾ, 37 ಡಿಗ್ರಿ ನೀರಿನ ತೊಟ್ಟಿ, ಕಿಣ್ವ ಹಾಕಿದ ಮೇಲೆ 2, 5, 10, 15, 20 ನಿಮಿಷಕ್ಕೆ ಒಂದೊಂದು ಟ್ಯೂಬ್ ತೆಗೆದು ಎಷ್ಟು ಅಮೋನಿಯಾ ಹುಟ್ಟಿದೆ ಎಂದು ಅಳೆಯುವುದು. ಅಳೆಯಲು ನೆಸ್ಲರ್ ರೀಏಜೆಂಟ್. ಅಮೋನಿಯಾ ಇದ್ದಷ್ಟು ಹಳದಿ ಕಂದು ಬಣ್ಣ ಬರುತ್ತದೆ, ಕಲರಿಮೀಟರಿನಲ್ಲಿ ಓದಬಹುದು. ಯೂರಿಯಾ ಸಾಕಷ್ಟು ಇರುವಾಗ ಈ ಗ್ರಾಫ್ ಮೊದಲ ಹೊತ್ತಿನಲ್ಲಿ ನೇರ ಗೆರೆಯಾಗಿ ಏರಬೇಕು. ಅವಳ ಗೆರೆ 5 ನಿಮಿಷದವರೆಗೆ ಚೆನ್ನಾಗಿ ಏರಿ, ಅಲ್ಲಿಂದ ಬಾಗುತ್ತಾ ಬಾಗುತ್ತಾ 15 ನಿಮಿಷದ ಹೊತ್ತಿಗೆ ಸುಸ್ತಾದಂತೆ ಮಲಗಿತ್ತು. ಕಿಣ್ವ ಕಡಿಮೆಯಾಯಿತೇನೋ ಎಂದು ಅವಳು ಎರಡು ಪಟ್ಟು ಹಾಕಿ ನೋಡಿದ್ದಳು. ಆಗ ಇನ್ನೂ ಬೇಗ ಬಾಗಿತು. ಅದಕ್ಕೇ "ಸತ್ತೈತ್ರಿ" ಅಂದದ್ದು.

ಸತ್ತಿರಬಹುದು. ಕಿಣ್ವ ಅಂದರೆ ಪ್ರೋಟೀನು, ಬಿಸಿಗೆ ಮಡಿಕೆ ಬಿಚ್ಚಿ ಕೆಡುತ್ತದೆ. ಆದರೆ ಹುರಳಿ ಯೂರಿಯೇಸ್ 37 ಡಿಗ್ರಿಗೆ ಹತ್ತೇ ನಿಮಿಷದಲ್ಲಿ ಕೈಬಿಡುವಷ್ಟು ನಾಜೂಕಲ್ಲ. ನನಗೆ ನಂಬಿಕೆ ಬರಲಿಲ್ಲ. ಅದೂ ಅಲ್ಲದೆ, ಅವಳು ಎರಡು ಪಟ್ಟು ಕಿಣ್ವ ಹಾಕಿ ಮಾಡಿದ ಪ್ರಯೋಗದಲ್ಲೇ ಉತ್ತರದ ಅರ್ಧ ಭಾಗ ಕೂತಿತ್ತು. ಅವಳು ಅದನ್ನು ಬೇಜಾರಿನಲ್ಲಿ ಪಕ್ಕಕ್ಕೆ ಸರಿಸಿದ್ದಳು, ಅಷ್ಟೇ.

1965ರಲ್ಲಿ ಸೆಲ್ವಿನ್ ಎಂಬ ವಿಜ್ಞಾನಿ ಒಂದು ಸುಲಭದ ಪರೀಕ್ಷೆ ಹೇಳಿದ್ದರು. ಗ್ರಾಫಿನ ಅಡ್ಡ ಗೆರೆಯಲ್ಲಿ ಬರೀ ಸಮಯ ಬರೆಯಬೇಡಿ. ಸಮಯವನ್ನು ಕಿಣ್ವದ ಪ್ರಮಾಣದಿಂದ ಗುಣಿಸಿ ಬರೆಯಿರಿ. ಒಂದು ಪಾಲು ಕಿಣ್ವ 10 ನಿಮಿಷ ದುಡಿದರೂ ಎರಡು ಪಾಲು ಕಿಣ್ವ 5 ನಿಮಿಷ ದುಡಿದರೂ ಲೆಕ್ಕ ಒಂದೇ. ಹೊಲದಲ್ಲಿ ಇಬ್ಬರು ಅರ್ಧ ದಿನ, ಒಬ್ಬರು ಇಡೀ ದಿನ ಕಳೆ ತೆಗೆದ ಹಾಗೆ. ಕಿಣ್ವ ತಾನಾಗಿಯೇ ಸಾಯುತ್ತಿದ್ದರೆ 10 ನಿಮಿಷ ಬಿಸಿಯಲ್ಲಿ ಕೂತದ್ದು ಜಾಸ್ತಿ ಸತ್ತಿರುತ್ತದೆ, 5 ನಿಮಿಷ ಕೂತದ್ದು ಕಡಿಮೆ. ಹಾಗಾಗಿ ಎರಡು ಗೆರೆಗಳು ಬೇರೆ ಬೇರೆ ಬೀಳುತ್ತವೆ. ಸಾಯದೇ ಇದ್ದರೆ ಎರಡೂ ಒಂದರ ಮೇಲೊಂದು ಕೂರುತ್ತವೆ.

ಅವಳ ಕೈಗೆ ಪೆನ್ಸಿಲ್ ಕೊಟ್ಟು ಅಲ್ಲೇ ಬರೆಯಲು ಹೇಳಿದೆ. ಎರಡೂ ಗೆರೆ ಒಂದರ ಮೇಲೊಂದು ಕೂತವು. ಬಾಗಿದ ಜಾಗವೂ ಒಂದೇ.

ಅಂದರೆ ಕಿಣ್ವ ಬದುಕಿದೆ. ಗೆರೆ ಬಾಗಲು ಕಾರಣ ಸಮಯ ಅಲ್ಲ. ಎಷ್ಟು ಅಮೋನಿಯಾ ಹುಟ್ಟಿತು ಅನ್ನುವುದರ ಮೇಲೆ ಬಾಗುವಿಕೆ ನಿಂತಿದೆ. ಗಟ್ಟಿ ಮಾಡಿಕೊಳ್ಳಲು ಇನ್ನೊಂದು ಕೆಲಸ ಮಾಡಿದೆವು. ಯೂರಿಯಾ ಇಲ್ಲದೆ ಬರೀ ಕಿಣ್ವವನ್ನು 20 ನಿಮಿಷ 37 ಡಿಗ್ರಿಯಲ್ಲಿ ಇಟ್ಟು, ಆಮೇಲೆ ಯೂರಿಯಾ ಹಾಕಿದೆವು. ತಾಜಾ ಕಿಣ್ವದಷ್ಟೇ ಜೋರಾಗಿ ಓಡಿತು. ಅವಳ ಮುಖದ ಮೇಲೆ ಸ್ವಲ್ಪ ಕಳೆ ಬಂತು.

ಹಾಗಾದರೆ ಯೂರಿಯಾ ಮುಗಿಯಿತೇ? ಇಲ್ಲ. ಅವಳ ಲೆಕ್ಕದ ಪ್ರಕಾರ 15 ನಿಮಿಷಕ್ಕೆ 20ರಲ್ಲಿ 5 ಮಿಲಿಮೋಲಾರಿನಷ್ಟು ಮಾತ್ರ ಖರ್ಚಾಗಿತ್ತು. ಯೂರಿಯೇಸ್ ಅರ್ಧ ವೇಗಕ್ಕೆ ಬರಲು ಸುಮಾರು 3 ಮಿಲಿಮೋಲಾರ್ ಯೂರಿಯಾ ಸಾಕು. 20 ಇದ್ದಾಗ ಪೂರ್ಣ ವೇಗದ ಶೇಕಡ 87ರಲ್ಲಿ ಓಡುವ ಕಿಣ್ವ 15ಕ್ಕೆ ಇಳಿದಾಗ ಶೇಕಡ 83ರಲ್ಲಿ ಓಡುತ್ತದೆ. ಆ ನಾಲ್ಕು ಅಂಶಕ್ಕೆ ಗೆರೆ ಮಲಗುವುದಿಲ್ಲ. ಉಳಿದದ್ದು ಎರಡು ಅನುಮಾನ. ಹುಟ್ಟಿದ ಅಮೋನಿಯಾವೇ ಕಿಣ್ವವನ್ನು ತಡೆಯುತ್ತಿರಬೇಕು, ಇಲ್ಲವೇ ಪಿಎಚ್ ಜಾರುತ್ತಿರಬೇಕು.

"ಪಿಎಚ್ ಹೆಂಗ ಜಾರತೈತ್ರಿ ಸರ್? ಬಫರ್ ಹಾಕೇನಲ್ರಿ. ಮೀಟರಿನ್ಯಾಗ ನೋಡೇನ್ರಿ, 7.1 ಇತ್ತು."

ಮೇಲ್ನೋಟಕ್ಕೆ ಮಾತು ಸರಿ. ಆದರೆ ಅವಳು ನೋಡಿದ್ದು ಪ್ರಯೋಗ ಶುರುವಾಗುವ ಮೊದಲು. ಮುಗಿದ ಮೇಲೆ ಯಾರೂ ನೋಡಿರಲಿಲ್ಲ.

ಫೀನಾಲ್ ರೆಡ್ ತಂದೆವು. ಪಿಎಚ್ 6.8ರ ಕೆಳಗೆ ಹಳದಿ, 8.2ರ ಮೇಲೆ ಗುಲಾಬಿ ಕೆಂಪು, ನಡುವೆ ಕಿತ್ತಳೆಯ ಹಲವು ಛಾಯೆ. ಹೊಸದಾಗಿ ಒಂದು ಟ್ಯೂಬ್ ಕಟ್ಟಿ, ಎರಡು ಹನಿ ಫೀನಾಲ್ ರೆಡ್ ಬಿಟ್ಟು, ಕಿಣ್ವ ಹಾಕಿ, ಬಿಳಿ ಹಾಳೆಯ ಮುಂದೆ ಹಿಡಿದು ಇಬ್ಬರೂ ಸುಮ್ನೆ ನೋಡುತ್ತಾ ಕೂತೆವು. ಮೊದಲು ನಿಂಬೆ ಶರಬತ್ತಿಗೆ ಚೂರು ಕೇಸರಿ ಬಿದ್ದ ಹಾಗೆ ಹಳದಿ ಕಿತ್ತಳೆ. ಮೂರನೇ ನಿಮಿಷಕ್ಕೆ ಕಿತ್ತಳೆ ಗಾಢವಾಯಿತು. ಆರನೇ ನಿಮಿಷಕ್ಕೆ ಕೆಂಪು ಹತ್ತಿತು. ಹತ್ತು ಆಗುವಷ್ಟರಲ್ಲಿ ಟ್ಯೂಬ್ ಪೂರ್ತಿ ಗುಲಾಬಿ. ಗೆರೆ ಬಾಗಿದ ಹೊತ್ತು, ಬಣ್ಣ ತಿರುಗಿದ ಹೊತ್ತು, ಎರಡೂ ಒಂದೇ. 15 ನಿಮಿಷದ ದ್ರಾವಣವನ್ನು ಮೀಟರಿಗೆ ಹಿಡಿದೆವು. 8.6.

ಬಫರ್ ಇದ್ದೂ 7.1ರಿಂದ 8.6ಕ್ಕೆ ಹೋಗಿತ್ತು. ಹಾಗಾದರೆ ಆ ಬಾಟಲಿಯಲ್ಲಿ ಇದ್ದದ್ದು ಏನು?

ಬಾಟಲಿಯ ಕಥೆ

ಉತ್ತರ ಹೇಳಿದ್ದು ಲ್ಯಾಬಿನ ಕಾಕಾ. ಮೂವತ್ತು ವರ್ಷದಿಂದ ಈ ಮೇಜುಗಳ ನಡುವೆ ಓಡಾಡಿದವರು. ಬಾಟಲಿ ನೋಡಿದ ತಕ್ಷಣ ಹೇಳಿದರು: "ಸರ್, ಇದಕ್ಕ ನಾ ಸೋಮವಾರನ ನೀರು ಹಾಕಿ ಇಟ್ಟೇನ್ರಿ. ಬಿಎಸ್ಸಿ ಹುಡುಗರಿಗೆ ಬೇಕು ಅಂದಿದ್ರೆಲ್ರಿ ನೀವು."

ಹೌದು, ನಾನೇ ಅಂದಿದ್ದೆ. ನಮ್ಮಲ್ಲಿ ಅರ್ಧ ಮೋಲಾರ್, ಅಂದರೆ 500 ಮಿಲಿಮೋಲಾರ್ ಫಾಸ್ಫೇಟ್ ದ್ರಾವಣ ಮಾಡಿ ಇಡುತ್ತೇವೆ. ಬಳಸುವಾಗ ಹತ್ತು ಪಟ್ಟು ನೀರು ಬೆರೆಸಿ 50 ಮಾಡಿಕೊಳ್ಳುತ್ತೇವೆ. ಕಾಕಾ ಸೋಮವಾರವೇ ಬೆರೆಸಿ 50 ಮಾಡಿದ್ದರು. ಹುಡುಗಿ ಬುಧವಾರ ಅದೇ ಬಾಟಲಿಯನ್ನು ಮೂಲ ದ್ರಾವಣ ಎಂದು ತಿಳಿದು ಮತ್ತೆ ಹತ್ತು ಪಟ್ಟು ಬೆರೆಸಿದ್ದಳು. ಉಳಿದದ್ದು 5 ಮಿಲಿಮೋಲಾರ್. ಬಾಟಲಿಯ ಮೇಲೆ ನನ್ನ ಕೈಬರಹದ ಚೀಟಿ ಇತ್ತು: "ಫಾಸ್ಫೇಟ್ ಬಫರ್, ಪಿಎಚ್ 7.0". ಎಷ್ಟು ಗಟ್ಟಿ ಎಂದು ಬರೆದಿರಲಿಲ್ಲ. ತಪ್ಪು ಹುಡುಗಿಯದಲ್ಲ, ಕಾಕಾ ಅವರದೂ ಅಲ್ಲ. ಆ ಚೀಟಿಯದು. ಚೀಟಿ ನನ್ನದು.

ಮೀಟರ್ ಇದನ್ನು ಹಿಡಿಯಲಿಲ್ಲ ಯಾಕೆ? ಈ ಪ್ರಕರಣ ಬರೆಯಲು ಕೂತದ್ದೇ ಈ ಪ್ರಶ್ನೆಗೋಸ್ಕರ.

ಹಗೇವಿನ ಬಾಯಿ

ಪಿಎಚ್ ಅಳೆಯುವುದು ದ್ರಾವಣದಲ್ಲಿ ಬಿಡಿಯಾಗಿ ಓಡಾಡುವ ಪ್ರೋಟಾನುಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು. ಅವು ಕಡಿಮೆಯಾದಷ್ಟೂ ಪಿಎಚ್ ಏರುತ್ತದೆ. 7ರಲ್ಲಿ ಅವು ಎಷ್ಟಿರುತ್ತವೆ ಗೊತ್ತಾ? ಒಂದು ಮಿಲಿಮೋಲಾರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅಷ್ಟೇ. ಬರೀ ನೀರಿಗೆ 1 ಮಿಲಿಮೋಲಾರಿನಷ್ಟು ಕಾಸ್ಟಿಕ್ ಸೋಡಾ ಬಿದ್ದರೆ ಇಷ್ಟು ಬಿಡಿ ಪ್ರೋಟಾನುಗಳು ಯಾವ ಮೂಲೆಗೂ ಸಾಲುವುದಿಲ್ಲ. ಪಿಎಚ್ 7ರಿಂದ ಸೀದಾ 11ಕ್ಕೆ ಹಾರುತ್ತದೆ.

ಫಾಸ್ಫೇಟ್ ಬಫರಿನಲ್ಲಿ ಎರಡು ರೂಪದ ಫಾಸ್ಫೇಟ್ ಇರುತ್ತದೆ. ಲ್ಯಾಬಿನ ಭಾಷೆಯಲ್ಲಿ ಒಂದು 'ಮೊನೋ', ಇನ್ನೊಂದು 'ಡೈ'. ಮೊನೋ ತನ್ನ ಹತ್ತಿರ ಒಂದು ಪ್ರೋಟಾನನ್ನು ಜಾಸ್ತಿ ಇಟ್ಟುಕೊಂಡಿದೆ, ಬೇಕಾದಾಗ ಕೊಡುತ್ತದೆ. ಡೈ ಅದನ್ನು ಕೊಟ್ಟು ಖಾಲಿಯಾಗಿದೆ, ಬಂದರೆ ಹಿಡಿಯುತ್ತದೆ. ಎರಡೂ ಸಮನಾಗಿದ್ದಾಗ ಪಿಎಚ್ ಸುಮಾರು 7.2. ಉಪ್ಪಿನಂಶ ಜಾಸ್ತಿಯಾದರೆ ಇದು ಸ್ವಲ್ಪ ಇಳಿಯುತ್ತದೆ, ಲೆಕ್ಕಕ್ಕೆ 7.2 ಎಂದೇ ಹಿಡಿಯೋಣ. 50 ಮಿಲಿಮೋಲಾರ್ ಬಫರನ್ನು 7.0ಕ್ಕೆ ಹೊಂದಿಸಿದರೆ ಮೊನೋ 30.7, ಡೈ 19.3 ಇರುತ್ತದೆ. ಬಿಡಿ ಪ್ರೋಟಾನಿಗೆ ಹೋಲಿಸಿದರೆ ಮೊನೋ ಹತ್ತಿರ ಕೂಡಿಟ್ಟದ್ದು ಮೂರು ಲಕ್ಷ ಪಟ್ಟು. ಯಾರೋ ಬಿಡಿ ಪ್ರೋಟಾನನ್ನು ಕಿತ್ತುಕೊಂಡರೆ ಮೊನೋ ತಕ್ಷಣ ಇನ್ನೊಂದನ್ನು ಬಿಡುತ್ತದೆ. ಅದೇ 1 ಮಿಲಿಮೋಲಾರ್ ಕಾಸ್ಟಿಕ್ ಸೋಡಾ ಇಲ್ಲಿ ಬಿದ್ದರೆ ಪಿಎಚ್ 7.00ರಿಂದ 7.04. ಹೋಗುವುದು ಅಷ್ಟೇ ದೂರ.

ಈಗ ಹತ್ತು ಪಟ್ಟು ನೀರು ಬೆರೆಸಿ. ಮೊನೋ 3.07, ಡೈ 1.93. ಎರಡೂ ಒಟ್ಟಿಗೇ ಇಳಿದವು, ಆದರೆ ಅವುಗಳ ನಡುವಿನ ಪ್ರಮಾಣ ಹಾಗೇ ಇದೆ. ಪಿಎಚ್ ನಿರ್ಧಾರವಾಗುವುದು ಆ ಪ್ರಮಾಣದಿಂದ. ಹಾಗಾಗಿ ಮೀಟರ್ ಮತ್ತೆ 7ರ ಆಸುಪಾಸೇ ತೋರಿಸುತ್ತದೆ. ಫಾಸ್ಫೇಟ್ ತೆಳುವಾದಾಗ ಪಿಎಚ್ ಒಂದೆರಡು ದಶಾಂಶ ಏರುವುದು ಸಹಜ. ಅವಳಿಗೆ ಕಂಡ 7.1 ಅದೇ. ಮೀಟರಿಗೆ ಬಿಡಿ ಪ್ರೋಟಾನು ಕಾಣುತ್ತದೆ, ಕೂಡಿಟ್ಟದ್ದು ಕಾಣುವುದಿಲ್ಲ.

ಇದನ್ನು ಹೇಳಿದಾಗ ಹುಡುಗಿ ಒಂದು ಮಾತು ಹೇಳಿದಳು, ನನಗಿಂತ ಚೆನ್ನಾಗಿ. "ನಮ್ಮ ಅಜ್ಜನ ಹಗೇವು ಇದ್ದಂಗಲ್ರಿ ಸರ್. ಬಾಯಿ ನೋಡಿದ್ರ ಎಲ್ಲಾ ಹಗೇವು ಒಂದೇ ಥರ ಕಾಣ್ತಾವ. ಒಳಗ ಎಷ್ಟು ಚೀಲ ಜ್ವಾಳ ಐತಿ ಅಂತ ಇಳಿದವಗ ಗೊತ್ತು." ನೆಲದೊಳಗೆ ಜೋಳ ತುಂಬಿಡುವ ಹಗೇವು ಈಗ ನಮ್ಮ ಕಡೆ ಕಡಿಮೆಯಾಗಿವೆ. ಆದರೆ ಆ ಮಾತು ಅವಳ ಮನೆಯಲ್ಲಿ ಇನ್ನೂ ಬದುಕಿತ್ತು. ಅವತ್ತಿನಿಂದ ನಾನೂ ತರಗತಿಯಲ್ಲಿ ಹಾಗೇ ಹೇಳುತ್ತೇನೆ. ಪಿಎಚ್ ಅಂದರೆ ಬಾಯಿ, ಗಟ್ಟಿತನ ಅಂದರೆ ಆಳ.

ಈಗ ಯೂರಿಯೇಸ್ ಈ ಹಗೇವಿನಿಂದ ಎಷ್ಟು ತೆಗೆಯಿತು ನೋಡೋಣ. ಒಂದು ಯೂರಿಯಾ ಒಡೆದರೆ ಎರಡು ಅಮೋನಿಯಾ, ಒಂದು ಕಾರ್ಬನ್ ಡೈಆಕ್ಸೈಡ್. ಎರಡು ಅಮೋನಿಯಾ ಎರಡು ಪ್ರೋಟಾನ್ ಕಸಿದುಕೊಂಡು ಅಮೋನಿಯಂ ಆಗುತ್ತವೆ. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಬೈಕಾರ್ಬನೇಟ್ ಆಗುವಾಗ ಒಂದನ್ನು ಮರಳಿ ಕೊಡುತ್ತದೆ. ಕೂಡಿ ಕಳೆದರೆ ಒಂದು ಯೂರಿಯಾಕ್ಕೆ ಸುಮಾರು ಒಂದು ಪ್ರೋಟಾನ್ ಬಫರಿನ ಖಾತೆಯಿಂದ ಹೋಗುತ್ತದೆ.

5 ಮಿಲಿಮೋಲಾರ್ ಬಫರಿನಲ್ಲಿ ಮೊನೋ ಇದ್ದದ್ದೇ 3ರಷ್ಟು. 2 ಮಿಲಿಮೋಲಾರ್ ಯೂರಿಯಾ ಒಡೆಯುವ ಹೊತ್ತಿಗೆ ಪಿಎಚ್ 7.7 ದಾಟಿತು. 3 ಒಡೆಯುವಾಗ ಹಗೇವಿನ ತಳ ಕಂಡಿತು, ಪಿಎಚ್ 8ರ ಮೇಲೆ ಹೋಯಿತು. ಮುಂದೆ ಹಿಡಿದು ನಿಲ್ಲಿಸುವ ಫಾಸ್ಫೇಟ್ ಇಲ್ಲ. ಹುಟ್ಟಿದ ಅಮೋನಿಯಂ ತಾನೇ 9.25ರ ಸುತ್ತ ಬಫರಿನಂತೆ ನಡೆದುಕೊಳ್ಳುವುದರಿಂದ ಏರಿಕೆ ಅಲ್ಲಿಂದ ನಿಧಾನವಾಗುತ್ತದೆ. 5 ಮಿಲಿಮೋಲಾರ್ ಒಡೆದಾಗ ಕೈಲೆಕ್ಕಕ್ಕೆ 8.6ರ ಆಸುಪಾಸು ಸಿಕ್ಕಿತು. ಮೀಟರ್ ತೋರಿಸಿದ್ದೂ ಅದೇ. ಲೆಕ್ಕ ಮತ್ತು ಮೀಟರ್ ಹೀಗೆ ಕೈ ಕೈ ಹಿಡಿದಾಗ ಆಗುವ ಖುಷಿ ಬೇರೆಯೇ. ಅದೇ 5 ಮಿಲಿಮೋಲಾರ್ ಯೂರಿಯಾ ಸರಿಯಾದ 50ರ ಬಫರಿನಲ್ಲಿ ಒಡೆದಿದ್ದರೆ ಪಿಎಚ್ 7.2ಕ್ಕೆ ಬಂದು ನಿಲ್ಲುತ್ತಿತ್ತು.

8.6 ಆದರೆ ಕಿಣ್ವಕ್ಕೆ ಏನು ಕಷ್ಟ? ಯೂರಿಯೇಸ್‌ನ ಕೆಲಸದ ಜಾಗದಲ್ಲಿ ಎರಡು ನಿಕಲ್ ಅಯಾನುಗಳಿವೆ, ಸುತ್ತ ಹಿಸ್ಟಿಡಿನ್‌ನಂಥ ಅಮೈನೋ ಆಮ್ಲಗಳು. ಕೆಲವು ಗುಂಪು ಪ್ರೋಟಾನ್ ಹಿಡಿದುಕೊಂಡೇ ಇರಬೇಕು, ಕೆಲವು ಬಿಟ್ಟುಕೊಂಡೇ ಇರಬೇಕು. ಆಗ ಮಾತ್ರ ಯೂರಿಯಾ ಸರಿಯಾಗಿ ಕೂತು ಒಡೆಯುತ್ತದೆ. ಈ ಎರಡೂ ಕೂಡಿ ಬರುವುದು 7ರಿಂದ 7.5ರ ಆಸುಪಾಸು. ಮೇಲೆ ಹೋದಂತೆಲ್ಲ ಸರಿಯಾದ ಭಂಗಿಯಲ್ಲಿರುವ ಕಿಣ್ವದ ಪಾಲು ಕಡಿಮೆಯಾಗುತ್ತದೆ. ಪಿಎಚ್ ಇಳಿಸಿದರೆ ವೇಗ ಮರಳಿ ಬರುತ್ತದೆ. ಅವಳ ಗುಲಾಬಿ ಟ್ಯೂಬಿಗೆ ನಾವು ಚೂರು ಮೊನೋ ಹಾಕಿ 7ಕ್ಕೆ ತಂದಾಗ ಕಿಣ್ವ ಮತ್ತೆ ಓಡಿತು. "ಜೀವ ಬಂತ್ರಿ!" ಎಂದಳು. ಹೋಗಿದ್ದರೆ ತಾನೇ ಬರಲು.

ಇಲ್ಲಿ ಎರಡು ಹೆಸರು ನೆನೆಯಬೇಕು. ಪಿಎಚ್ ಎಂಬ ಅಳತೆಯೇ ಹುಟ್ಟಿದ್ದು ಕಿಣ್ವಗಳ ಕಾಟದಿಂದ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸನ್ ಕಿಣ್ವಗಳ ವೇಗವನ್ನು ಅಳೆಯುತ್ತಾ, ಆಮ್ಲದ ಪ್ರಮಾಣ ಹಿಡಿದು ನಿಲ್ಲಿಸದೆ ಏನೂ ಸಿಗುವುದಿಲ್ಲ ಎಂದು ಕಂಡುಕೊಂಡು ಈ ಅಳತೆಯನ್ನು ಕೊಟ್ಟರು. ಇನ್ನೊಬ್ಬರು ಜೇಮ್ಸ್ ಸಮ್ನರ್. 1926ರಲ್ಲಿ ಜ್ಯಾಕ್ ಬೀನ್ ಎಂಬ ಕಾಳಿನಿಂದ ಯೂರಿಯೇಸನ್ನು ಹರಳಿನ ರೂಪದಲ್ಲಿ ತೆಗೆದರು. ಕಿಣ್ವ ಅಂದರೆ ಪ್ರೋಟೀನು ಎಂದು ಅವರು ಹೇಳಿದ್ದನ್ನು ಆಗ ಬಹಳ ಜನ ನಂಬಲಿಲ್ಲ. 1946ರಲ್ಲಿ ನೊಬೆಲ್ ಬಂತು. ಹದಿಹರೆಯದಲ್ಲೇ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡವರು ಅವರು, ಒಂದೇ ಕೈಯಲ್ಲಿ ಇಷ್ಟೆಲ್ಲ ಮಾಡಿದರು. ಇದನ್ನು ಕೇಳಿ ಹುಡುಗಿ ತನ್ನ ಹುರಳಿ ಹಿಟ್ಟಿನ ಡಬ್ಬಿಯನ್ನು ಒಂದು ಗಳಿಗೆ ನೋಡುತ್ತಾ ನಿಂತಳು.

ಮರುಪ್ರಯೋಗ

ಹೊಸದಾಗಿ 50 ಮಿಲಿಮೋಲಾರ್ ಫಾಸ್ಫೇಟ್ ಮಾಡಿದೆವು. ತೂಕ ಹಾಕಿದ್ದು ಅವಳು, ನೋಡಿದ್ದು ನಾನು. ಡಿಸ್ಟಿಲ್ಡ್ ನೀರನ್ನೇ ಬಳಸಬೇಕು ಎಂದು ಮತ್ತೊಮ್ಮೆ ಹೇಳಿದೆ. ಗಡಸು ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಬೆಳ್ಳಗೆ ಒಡೆಯುತ್ತದೆ.

ಗೆರೆ 15 ನಿಮಿಷದವರೆಗೂ ನೇರ ಹೋಯಿತು. ಫೀನಾಲ್ ರೆಡ್ ಹಾಕಿದ ಟ್ಯೂಬ್ ಹಳದಿ ಕಿತ್ತಳೆಯಲ್ಲೇ ಉಳಿಯಿತು. ಅಮೋನಿಯಾ ಮೊದಲಿಗಿಂತ ಜಾಸ್ತಿಯೇ ಹುಟ್ಟಿತ್ತು, ಆದರೂ ಗೆರೆ ಬಾಗಲಿಲ್ಲ. ಹಾಗಾಗಿ ಅಮೋನಿಯಾ ಕಿಣ್ವವನ್ನು ತಡೆಯುತ್ತಿದೆಯೇ ಎಂಬ ಅನುಮಾನವೂ ತಾನಾಗಿ ಬಿತ್ತು. ಅದಕ್ಕೆ ಬೇರೆ ಪ್ರಯೋಗ ಬೇಕಾಗಲಿಲ್ಲ.

ಒಂದು ವಿಷಯ ಮಾತ್ರ ಅವಳ ಕಣ್ಣಿಗೆ ಬಿತ್ತು. ಮೊದಲ ಎರಡು ನಿಮಿಷದ ವೇಗ ತೆಳು ಬಫರಿಗಿಂತ ಗಟ್ಟಿ ಬಫರಿನಲ್ಲಿ ಚೂರು ಕಡಿಮೆ ಇತ್ತು. ಒಳ್ಳೆಯ ಕಣ್ಣು. ಫಾಸ್ಫೇಟ್ ಯೂರಿಯೇಸನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, 7ರಲ್ಲಿ ಮತ್ತು ಅದರ ಕೆಳಗೆ ವಿಶೇಷವಾಗಿ. ಬಫರ್ ಅಂದರೆ ಸುಮ್ಮನೆ ಹಿನ್ನೆಲೆಯಲ್ಲಿ ನಿಂತ ನೀರು ಎಂದು ನಾವು ತಿಳಿಯುತ್ತೇವೆ. ಅದೂ ಪ್ರಯೋಗದಲ್ಲಿ ಕೈ ಹಾಕುತ್ತದೆ. ಗಟ್ಟಿ ಮಾಡಿದಷ್ಟೂ ಒಳ್ಳೆಯದು ಎಂದು 500 ಹಾಕಿದರೆ ಬೇರೆ ತೊಂದರೆ ಕೊಂಡು ತಂದ ಹಾಗೆ. ಯೂರಿಯೇಸಿಗೆ ಬಹಳ ಕಡೆ ಹೆಪೆಸ್ ಬಳಸುವುದು ಇದಕ್ಕೇ. 1966ರಲ್ಲಿ ನಾರ್ಮನ್ ಗುಡ್ ಮತ್ತು ಜೊತೆಗಾರರು ಜೀವಕ್ರಿಯೆಗಳಿಗೆಂದೇ ರೂಪಿಸಿ ಕೊಟ್ಟ ಬಫರುಗಳಲ್ಲಿ ಅದೂ ಒಂದು, 7.5ರ ಸುತ್ತ ಚೆನ್ನಾಗಿ ಹಿಡಿಯುತ್ತದೆ. ಬೆಲೆ ಜಾಸ್ತಿ. ನಮ್ಮ ಕಪಾಟಿನಲ್ಲಿ ಇರಲಿಲ್ಲ.

ಪಕ್ಕದ ಕೋಣೆಯ ಸಹೋದ್ಯೋಗಿ "ಟ್ರಿಸ್ ಹಾಕಿ ನೋಡ್ರಿ" ಅಂದರು. ಟ್ರಿಸ್ ಒಳ್ಳೆಯ ಬಫರೇ, ಆದರೆ ವಿಜಯಪುರದಲ್ಲಿ ಅದನ್ನು ಎಚ್ಚರದಿಂದ ಬಳಸಬೇಕು. ಒಂದು ಡಿಗ್ರಿ ಬಿಸಿ ಏರಿದರೆ ಅದರ ಪಿಎಚ್ 0.028ರಷ್ಟು ಇಳಿಯುತ್ತದೆ. ನಮ್ಮ ಪಿಎಚ್ ಮೀಟರ್ ಇರುವುದು ಎಸಿ ಕೋಣೆಯಲ್ಲಿ, 24 ಡಿಗ್ರಿ. ಅಲ್ಲಿ 7.5ಕ್ಕೆ ಹೊಂದಿಸಿದ ಟ್ರಿಸ್ 37 ಡಿಗ್ರಿ ತೊಟ್ಟಿಗೆ ಬಂದರೆ 7.14 ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ಮೇಜಿನ ಮೇಲಿದ್ದರೂ ಜಾರಿರುತ್ತದೆ. ಫಾಸ್ಫೇಟ್ ಇದರ ಹತ್ತನೇ ಒಂದು ಪಾಲು ಮಾತ್ರ ಜಾರುತ್ತದೆ. ಬಳಸುವ ಬಿಸಿಯಲ್ಲೇ ಹೊಂದಿಸಿಕೊಂಡರೆ ಟ್ರಿಸ್‌ಗೆ ಕುಂದಿಲ್ಲ. ನಾವು ಫಾಸ್ಫೇಟಿನಲ್ಲೇ ಮುಂದುವರಿದೆವು.

ಇನ್ನೊಂದು ಮಾತು, ಪಠ್ಯದಲ್ಲಿ ಅಷ್ಟಾಗಿ ಒತ್ತಿ ಹೇಳದ್ದು. ಬಫರ್ ಆರಿಸುವಾಗ ಪ್ರತಿಕ್ರಿಯೆ ಯಾವ ಕಡೆ ತಳ್ಳುತ್ತದೆ ಎಂದು ನೋಡಬೇಕು. ಯೂರಿಯೇಸ್ ಪಿಎಚ್ ಅನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ನಡುಬಿಂದು 7.2 ಇರುವ ಫಾಸ್ಫೇಟನ್ನು 7.0ರಿಂದ ಶುರು ಮಾಡುವುದು ಜಾಣತನ. ಕೊಡುವ ಮೊನೋ ಜಾಸ್ತಿ ಇರುತ್ತದೆ, ಜಾರಿದರೂ ತನ್ನ ಅತಿ ಬಲವಾದ ಜಾಗದ ಕಡೆಗೇ ಜಾರುತ್ತದೆ. ಕೊಬ್ಬು ಒಡೆಯುವ ಲೈಪೇಸ್ ಹಾಗಲ್ಲ. ಅದು ಕೊಬ್ಬಿನಾಮ್ಲ ಬಿಡುತ್ತದೆ, ಪಿಎಚ್ ಕೆಳಗೆ ಹೋಗುತ್ತದೆ. ಅಲ್ಲಿ ಹಿಡಿಯುವ ಡೈ ಜಾಸ್ತಿ ಇರಬೇಕು, ಬಫರಿನ ನಡುಬಿಂದುವಿಗಿಂತ ಚೂರು ಮೇಲಿನಿಂದ ಶುರು ಮಾಡಬೇಕು. ಸುಕ್ರೋಸ್ ಒಡೆಯುವ ಇನ್ವರ್ಟೇಸ್ ಎತ್ತಲೂ ತಳ್ಳುವುದಿಲ್ಲ, ಅಲ್ಲಿ ತೆಳು ಬಫರಿನಲ್ಲೂ ಪಾರಾಗಬಹುದು. ನಮ್ಮ ಬಿಎಸ್ಸಿ ಹುಡುಗರು ವರ್ಷವೂ ಇನ್ವರ್ಟೇಸ್ ಮಾಡುತ್ತಾರೆ. ಬಾಟಲಿಯ ತೊಂದರೆ ಇಷ್ಟು ದಿನ ಹೊರಗೆ ಬಾರದೆ ಇರಲು ಅದೂ ಒಂದು ಕಾರಣ ಇರಬೇಕು.

ತೆಳು ಬಫರ್ ಯಾವಾಗಲೂ ಕೆಟ್ಟದ್ದೇ? ಅಲ್ಲ. ಸೂಕ್ಷ್ಮಜೀವಿ ಲ್ಯಾಬಿನಲ್ಲಿ ಯೂರಿಯೇಸ್ ಪರೀಕ್ಷೆಗೆ ಬ್ಯಾಕ್ಟೀರಿಯಾ ಬೆಳೆಸುವ ಎರಡು ಮಾಧ್ಯಮಗಳಿವೆ, ಎರಡರಲ್ಲೂ ಫೀನಾಲ್ ರೆಡ್ ಇದೆ. ಸ್ಟುವರ್ಟ್ ಬ್ರಾತ್‌ನಲ್ಲಿ ಬಫರ್ ಗಟ್ಟಿ. ಪ್ರೋಟಿಯಸ್‌ನಂತೆ ಭರ್ಜರಿ ಯೂರಿಯೇಸ್ ಇರುವ ಬ್ಯಾಕ್ಟೀರಿಯಾ ಮಾತ್ರ ಅದನ್ನು ಗುಲಾಬಿ ಮಾಡಬಲ್ಲದು. 1946ರಲ್ಲಿ ಕ್ರಿಸ್ಟೆನ್‌ಸನ್ ಮಾಡಿದ ಅಗಾರಿನಲ್ಲಿ ಬಫರ್ ಬೇಕೆಂತಲೇ ಕಡಿಮೆ. ನಿಧಾನವಾಗಿ ಯೂರಿಯಾ ಒಡೆಯುವ ಬ್ಯಾಕ್ಟೀರಿಯಾ ಕೂಡ ಅಲ್ಲಿ ಬಣ್ಣ ತೋರಿಸುತ್ತದೆ. ನಮಗೆ ಕಾಟ ಕೊಟ್ಟ ತೆಳುತನವನ್ನೇ ಅವರು ಅಳತೆಗೋಲು ಮಾಡಿಕೊಂಡರು. ಪಿಎಚ್ ಓಡುವುದನ್ನು ನೋಡಬೇಕಾದರೆ ತೆಳು, ಕಿಣ್ವ ಓಡುವುದನ್ನು ನೋಡಬೇಕಾದರೆ ಗಟ್ಟಿ.

ಪ್ರಾಜೆಕ್ಟ್ ಬರೆಯುವಾಗ ಹುಡುಗಿ ಮನೆಯ ಮಾತೊಂದನ್ನು ತಂದಳು. "ಯೂರಿಯಾ ಚೆಲ್ಲಿದ ಮ್ಯಾಲ ಮಣ್ಣು ಮುಚ್ಚಬೇಕು, ಇಲ್ಲಂದ್ರ ಗಾಳಿಗೆ ಹೋಗತೈತಿ ಅಂತಾರ್ರಿ ನಮ್ಮಪ್ಪ. ಅದೂ ಇದನ ಏನ್ರಿ?" ಅದೂ ಇದೇ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಯೂರಿಯೇಸ್ ಇದೆ. ಯೂರಿಯಾ ಕಾಳು ಬಿದ್ದ ಜಾಗದ ಸುತ್ತ ಅದು ಕೆಲಸ ಶುರು ಮಾಡಿದ ಕೂಡಲೇ ಅಲ್ಲಿಯ ಪಿಎಚ್ ಏರುತ್ತದೆ. ನಮ್ಮ ಎರೆಭೂಮಿ ಸುಣ್ಣದ ಅಂಶದಿಂದ ಮೊದಲೇ 8ರ ಆಸುಪಾಸು ಇರುವಂಥದ್ದು. ಪಿಎಚ್ ಏರಿದಷ್ಟೂ ಅಮೋನಿಯಂ ಪ್ರೋಟಾನ್ ಬಿಟ್ಟು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಆಳಕ್ಕೆ ಹಾಕಿ ಮುಚ್ಚಿದರೆ ಮೇಲಿನ ಮಣ್ಣಿನ ಕಣಗಳು ಅದನ್ನು ಹಿಡಿದುಕೊಳ್ಳುತ್ತವೆ. ಈ ಒಂದು ಪ್ಯಾರಾ ಅವಳ ವರದಿಯ ಕೊನೆಯ ಅಧ್ಯಾಯಕ್ಕೆ ಹೋಯಿತು. ಅಪ್ಪನಿಗೆ ಓದಿ ಹೇಳಿದ್ದಾಳಂತೆ.

ಬಾಟಲಿಗೆ ಹೊಸ ಚೀಟಿ ಬರೆದವಳೂ ಅವಳೇ. ನೀಲಿ ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ: "ಫಾಸ್ಫೇಟ್, 500 ಮಿಲಿಮೋಲಾರ್, ಮೂಲ ದ್ರಾವಣ. ಹತ್ತು ಪಟ್ಟು ಬೆರೆಸಿ ಬಳಸಿ. ಬೆರೆಸಿದ ಮೇಲೆ ಪಿಎಚ್ 7.0, 37 ಡಿಗ್ರಿಯಲ್ಲಿ ನೋಡಿದ್ದು." ಅದರ ಪಕ್ಕ 50ರ ಬಾಟಲಿಗೆ ಕಾಕಾ ಒಂದು ಕೆಂಪು ದಾರ ಕಟ್ಟಿದ್ದಾರೆ.